ಅಂಗೈ ದೀಪದ ಶಿಕ್ಷೆ

ಸದಾ ಮಂಜು ಕವಿದಿರುವ ಒಂದು ಹೊಳೆ. ಅದರ ದಂಡೆಯ ಮೇಲೊಂದು ಊರು. ಬಿಳಿ ಮೈಯವರೂ ಕಪ್ಪು ಮೈಯವರೂ ಒಂದೇ ದೋಣಿಯಲ್ಲಿ ಹೊಳೆ ದಾಟುತ್ತಿದ್ದರು. ಆದರೆ ಹಲಗೆಯ ಮೇಲೆ ಕೂರುವ ಹಕ್ಕು ಬಿಳಿಯರಿಗೆ ಮಾತ್ರ. ಹಲಗೆ ಖಾಲಿ ಇದ್ದರೂ ಕಪ್ಪು ಮೈಯವರು ನಿಂತೇ ಹೋಗಬೇಕು. ಎಂಥ ಕಾನೂನೋ, ಅದಕ್ಕಿಷ್ಟು ಬೆಂಕಿ ಹಾಕ!

ಹೂವು ಮಾರುವ ನೀಲವ್ವ ಹುಟ್ಟಿದಾಗಿನಿಂದ ನಿಂತೇ ದಾಟಿದವಳು. ಒಂದು ದಿನ ಅವಳ ತುಂಬು ಬಸುರಿ ಮಗಳು ಫಕೀರವ್ವ ದೋಣಿಯಲ್ಲಿ ತಲೆಸುತ್ತಿ ಬಿದ್ದಳು. ನೀಲವ್ವನ ಕರುಳು ಕಿತ್ತು ಬಂತು. ಮರುದಿನ ಹೋಗಿ ಹಲಗೆಯ ಮೇಲೆ ಕೂತೇಬಿಟ್ಟಳು.

ಕಾನೂನು ಮುರಿದವರಿಗೆ ಆ ಊರಲ್ಲಿ ಒಂದು ಶಿಕ್ಷೆಯಿತ್ತು. ಸಂಜೆ ಅಂಗೈ ಮೇಲೆ ಹಣತೆ ಹಿಡಿದು, ಎಣ್ಣೆ ತೀರುವವರೆಗೆ ದಂಡೆಯ ಮೇಲೆ ನಿಲ್ಲಬೇಕು. ಬೆಳಕಿನಲ್ಲಿ ಮುಖ ಕಂಡು ಮಾನ ಹೋಗಲಿ ಎಂದು. ನೀಲವ್ವ ನಿಂತಳು. ಕೈ ಸುಟ್ಟಿತು, ಕಣ್ಣಲ್ಲಿ ನೀರು ಬಂತು, ಮುಖ ಮಾತ್ರ ತಗ್ಗಿಸಲಿಲ್ಲ.

ಅವಳ ಕೇರಿಯ ಹುಡುಗರು ಕುದಿದುಹೋದರು. "ದೋಣಿ ಒಡದ ಹಾಕ್ತೀವಿ ಬೇ!" ಎಂದರು.

"ಹುಚ್ಚಪ್ಪಗಳಿರಾ, ದೋಣಿ ಒಡದ್ರ ಹೊಳಿ ದಾಟೂದು ಹ್ಯಾಂಗ? ನಮಗ ಬೇಕಾಗಿದ್ದು ಕುಂದ್ರಾಕ ಜಾಗ. ಬರ್ರಿ, ಕುಂದ್ರೂಣು" ಎಂದಳು ನೀಲವ್ವ.

ಕೂತರು. ಬೈದರೆ ತಿರುಗಿ ಬೈಯಲಿಲ್ಲ, ಹೊಡೆದರೆ ಕೈ ಎತ್ತಲಿಲ್ಲ. ಸಂಜೆಯಾದರೆ ಹಣತೆ ಹಿಡಿದು ಸಾಲಾಗಿ ನಿಂತರು. ದಿನ ಕಳೆದಂತೆ ಸಾಲು ಬೆಳೆಯಿತು. ಮಂಜಿನೊಳಗೆ ದೀಪಗಳು ತಾವೇ ತೇಲುತ್ತಿರುವಂತೆ ಕಾಣುತ್ತಿತ್ತು. ಬಿಳಿಯರ ಮಕ್ಕಳು, "ಇವತ್ತ ಯಾವ ಹಬ್ಬ?" ಎಂದು ಕೇಳಿದರು. ದೊಡ್ಡವರು ಸಾಲಿನತ್ತ ತಿರುಗಿ ನೋಡಿದರು. ಅಷ್ಟು ವರ್ಷ ಜೊತೆಗೆ ಹೊಳೆ ದಾಟಿದ್ದರೂ ಅವರು ಆ ಮುಖಗಳನ್ನು ಸರಿಯಾಗಿ ನೋಡಿದ್ದು ಆಗಲೇ.

ಊರ ಯಜಮಾನನಿಗೆ ಇರುಸುಮುರುಸಾಯಿತು. ಅವನು ಕಳಿಸಿದ ಬಿಳಿ ಮೈಯ ಕಾವಲುಗಾರ ಬಂದು ನೀಲವ್ವನ ದೀಪವನ್ನು ಊದಿ ಆರಿಸಿದ. "ಸಾಕು, ಮನಿಗಿ ನಡಿ" ಎಂದ.

"ಎಣ್ಣಿ ಇನ್ನೂ ಐತಲ್ಲೋ ತಮ್ಮಾ. ಕಾನೂನು ನಿಮ್ಮದ. ಹಚ್ಚಿ ಕೊಡು."

ಕಾವಲುಗಾರ ಅವಳ ಬೊಬ್ಬೆಯೆದ್ದ ಅಂಗೈ ನೋಡಿದ. ದೀಪ ಹಚ್ಚಿದ. ಆಮೇಲೆ ತಾನೂ ಒಂದು ಹಣತೆ ಹಿಡಿದು ಅವಳ ಪಕ್ಕ ನಿಂತ. ಅವನ ಹಿಂದೆ ಇನ್ನಷ್ಟು ಬಿಳಿಯರು ಬಂದು ನಿಂತರು. ಇನ್ನು ಯಾರನ್ನು ಕಳಿಸುವುದು? ಯಜಮಾನ ಸೋತು ಆ ಕಾನೂನನ್ನು ತೆಗೆದುಹಾಕಿದ.

ಫಕೀರವ್ವ ಹಸುಗೂಸನ್ನೆತ್ತಿಕೊಂಡು ದೋಣಿ ಹತ್ತಿದಳು, ಹಲಗೆಯ ಮೇಲೆ ಕೂತಳು. ನೀಲವ್ವ ಮಾತ್ರ ರೂಢಿಯಂತೆ ನಿಂತೇ ಇದ್ದಳು. "ಕುಂದ್ರು ಬೇ ಯವ್ವಾ" ಎಂದು ಮಗಳು ಸೆರಗು ಹಿಡಿದು ಎಳೆದಳು. ನೀಲವ್ವ ಕೂತಳು. ಕೂತು ಗಳಗಳನೆ ಅತ್ತಳು.

ನೀತಿ: ಅನ್ಯಾಯದ ಕಾನೂನನ್ನು ಮುರಿಯಿರಿ, ಮನುಷ್ಯರ ಮೈಮೂಳೆಯನ್ನಲ್ಲ. ಅದರ ಶಿಕ್ಷೆಯನ್ನು ತಲೆಯೆತ್ತಿ ಅನುಭವಿಸಿದರೆ, ನಾಚಿಕೆ ಶಿಕ್ಷೆ ಕೊಟ್ಟವರ ಮನೆಗೇ ಹೋಗುತ್ತದೆ.