ಡ್ರೈವ್ ಕಾಯುವ ಬೀರಣ್ಣನ ಮೂರು ಮಾತು

"ಕೇಳಿರಪ್ಪೋ ಕೇಳಿ, ಕೆಂಚರಸ ಮಹಾಪ್ರಭುಗಳ ಅಪ್ಪಣೆ. ತೀರಿಹೋದ ಮಹಾರಾಣಿಯವರ ದನಿಯನ್ನು ತುಂಬಿಟ್ಟಿದ್ದ ಡ್ರೈವನ್ನು ಅಳಿಸಿಹಾಕಿದ ದ್ರೋಹಿ ಬೀರಣ್ಣ ತನ್ನ ಪರವಾಗಿ ಮೂರು ಮಾತು ಆಡಿದ್ದಾನೆ. ಮೂರೂ ಒಗಟು. ಬಿಡಿಸಿದವರಿಗೆ ಅರ್ಧ ರಾಜ್ಯ, ರಾಜಕುಮಾರಿ ನಾಗಲೆಯೊಂದಿಗೆ ಮದುವೆ. ತಪ್ಪಿದವರಿಗೆ ತಲೆದಂಡ. ಯಾರೂ ಬಿಡಿಸದಿದ್ದರೆ ಅಮಾವಾಸ್ಯೆಗೆ ಬೀರಣ್ಣನ ತಲೆಯೂ ಹೋಗುತ್ತದೆ."

ಹೆಗ್ಗೋಟೆಯ ಬೀದಿಗಳಲ್ಲಿ ಡಂಗುರ ಹೀಗೆ ಸಾರಿತು. ಬೀರಣ್ಣನನ್ನೇ ಕೇಳಿದರೆ ಆಗುತ್ತಿರಲಿಲ್ಲವೇ ಎಂದು ನೀವು ಅನ್ನಬಹುದು. ಆಗುತ್ತಿರಲಿಲ್ಲ. ಆರೋಪ ಹೊತ್ತವನ ಮಾತನ್ನು ಎರಡನೇ ಸಲ ಕೇಳಬಾರದು, ಬೇರೊಬ್ಬ ತನ್ನ ತಲೆಯನ್ನು ಪಣಕ್ಕಿಟ್ಟು ಅದರ ಅರ್ಥ ಹೇಳಬೇಕು ಎನ್ನುವುದು ಆ ರಾಜ್ಯದ ಕಾನೂನು. ಕಾನೂನು ಮಾಡಿದವನ ತಲೆ ಎಂದೂ ಪಣಕ್ಕೆ ಬಿದ್ದಿರಲಿಲ್ಲ.

ಮೊದಲು ಬಂದವನು ಆಸ್ಥಾನದ ಪಂಡಿತ. ರಾಜ ಮೊದಲನೇ ಮಾತನ್ನು ಹೇಳಿದ. "ಅದು ಬಾಗಿಲಿಗೆ ಬಂದದ್ದು ಕಾವಲುಗಾರನಿಗೆ ಗೊತ್ತು, ಮನೆಯೊಳಗಿನವರಿಗೆ ಕಾಣದು. ಖಾಲಿ ಕೋಣೆಯೊಂದನ್ನು ಕೊಟ್ಟರೆ ತನ್ನ ಸಂಸಾರವನ್ನೆಲ್ಲ ಅಲ್ಲಿ ತೆರೆದು ತೋರಿಸುತ್ತದೆ. ಏನದು?"

"ಜೀವಾತ್ಮ, ಪ್ರಭು. ಖಾಲಿ ಕೋಣೆಯೆಂದರೆ ಗರ್ಭ," ಎಂದ ಪಂಡಿತ. ಬೀರಣ್ಣ ಹಾಗೆ ಹೇಳಿರಲಾರ ಎಂದು ರಾಜನಿಗೂ ಅನ್ನಿಸಿತು. ಪಂಡಿತನ ತಲೆ ಕೋಟೆಯ ಬಾಗಿಲಿಗೆ ಏರಿತು.

ಆಮೇಲೆ ಪಕ್ಕದ ನಾಡಿನ ರಾಜಕುಮಾರ ಬಂದ. ಅರ್ಧ ರಾಜ್ಯ ಆಗಲೇ ಕೈಗೆ ಬಂದಂತೆ ಅವನು ಮಾವುತನನ್ನು ಆನೆಯ ಬೆಲೆ ಕೇಳುತ್ತಲೇ ಒಳಗೆ ಬಂದಿದ್ದ. ಮೊದಲ ಒಗಟಿಗೆ "ಹಗೆ" ಎಂದ, ಅವನ ತಲೆಯೂ ಅಲ್ಲೇ ಏರಿತು. ಮುಂದೆ ಬಂದವರು ಪ್ರೇಮ ಎಂದರು, ಸಾವು ಎಂದರು, ವಿಧಿ ಎಂದರು. ಬಾಗಿಲ ಮೇಲೆ ಜಾಗ ಸಾಲದೆ ಗೋಡೆಗೂ ಗೂಟ ಬಡಿದರು. ಊರಿನ ಹೆಂಗಸರು ಆ ದಾರಿ ಬಿಟ್ಟು ಸುತ್ತು ಹಾಕಿ ನೀರಿಗೆ ಹೋಗತೊಡಗಿದರು.

ಅಮಾವಾಸ್ಯೆಯ ದಿನ ಬೆಳಿಗ್ಗೆ ಆನೆಲಾಯದಲ್ಲಿ ಲದ್ದಿ ಬಾಚುವ ದೂಮ ಬಂದು ನಿಂತ. ಅವನು ಬೀರಣ್ಣನ ತಮ್ಮ. ಇಷ್ಟು ದಿನ ಹೆದರಿ ಹುಲ್ಲಿನ ಮೆದೆಯ ಹಿಂದೆ ಕೂತು ಅತ್ತಿದ್ದ.

ಒಗಟು ಕೇಳಿ ಅವನು, "ಬುದ್ಧಿ, ಅದು ಡ್ರೈವೇ ಅಲ್ವುರಾ?" ಎಂದ.

ಸಭೆ ಅವನನ್ನೇ ನೋಡಿತು. ಡ್ರೈವ್ ಕಾಯುವವನು ಡ್ರೈವಿನ ಮಾತು ಆಡಿರಬಹುದೆಂದು ಆ ತನಕ ಒಬ್ಬರಿಗೂ ಹೊಳೆದಿರಲಿಲ್ಲ.

"ಚುಚ್ಚಿದ ತಕ್ಷಣ ಕಂಪ್ಯೂಟರ್ ಯಂತ್ರಕ್ಕೆ ಗೊತ್ತಾಯ್ತದೆ, ಆದ್ರೆ ಒಳಗಿರೋದು ನಮಗೆ ಕಾಣಾಕಿಲ್ಲ. ಒಂದು ಖಾಲಿ ಫೋಲ್ಡರ್ ಮಾಡಿ, ಇಲ್ಲಿ ಬಿಚ್ಚಿಕೋ ಅನ್ನಬೇಕು. ಅದನ್ನ ಮೌಂಟ್ ಮಾಡೋದು ಅಂತಾರೆ. ಅಣ್ಣ ಉಣ್ಣೋಕೆ ಕೂತ್ರೂ ಇದೇ ಮಾತು, ಕೇಳಿ ಕೇಳಿ ಬಾಯಿಪಾಠ ಆಗ್ಬುಟ್ಟದೆ."

ರಾಜ ಎರಡನೆಯದನ್ನು ಹೇಳಿದ. "ಅಳಿಸಿದರೂ ಹೋಗಿಲ್ಲ. ಅದರ ಮೇಲೆ ಬರೆದರೆ ಮಾತ್ರ ಹೋಗುತ್ತದೆ. ಏನದು?"

"ಫಾರ್ಮ್ಯಾಟ್ ಆದ ಡ್ರೈವು, ಬುದ್ಧಿ. ಅಂದ್ರೆ ಒಳಗಿರೋದನ್ನ ಅಳಿಸಿ, ಹೊಸದಾಗಿ ತುಂಬೋಕೆ ಅಣಿ ಮಾಡೋದು. ಅವಸರದಲ್ಲಿ ಫಾರ್ಮ್ಯಾಟ್ ಮಾಡಿದ್ರೆ ಊರಿನ ಮನೆಗಳ ಹೆಸರಿನ ಹಲಗೆ ಕಿತ್ತಂಗೆ, ಅಷ್ಟೆ. ಜನ ಒಳಗೇ ಇರ್ತಾರೆ. ಹೊಸಬರನ್ನ ತಂದು ತುಂಬಿದ್ರೆ ಮಾತ್ರ ಹಳಬರು ಹೋಯ್ತಾರೆ."

ರಾಜಕುಮಾರಿ ನಾಗಲೆ ಎದ್ದು ನಿಂತಳು. ತಾಯಿಯ ಡ್ರೈವನ್ನು ಅಂದಿನಿಂದ ಯಾರೂ ಮುಟ್ಟಿರಲಿಲ್ಲ. ಹಾಗಾದರೆ ಅಮ್ಮನ ದನಿ ಇನ್ನೂ ಒಳಗೇ ಇದೆ.

ಮೂರನೆಯದನ್ನು ರಾಜ ನಿಧಾನವಾಗಿ ಹೇಳಿದ. "ಮೊದಲು ಬಂದವನನ್ನು ಹಿರಿಯ ಎಂದರು, ಆಮೇಲೆ ಬಂದವನನ್ನು ಕಿರಿಯ ಎಂದರು. ಇಬ್ಬರೂ ಎದ್ದು ಹೋಗಿ ಮತ್ತೆ ಬಂದರು. ಕಿರಿಯನನ್ನು ಕತ್ತರಿಸು ಎಂಬ ಅಪ್ಪಣೆಯಂತೆ ಕತ್ತರಿಸಿದರೆ, ಸತ್ತವನು ಯಾರು?"

ದೂಮ ಯೋಚಿಸಿದ. ಕಟುಕ ಕತ್ತಿಯ ಮೇಲಿನ ಬಟ್ಟೆ ತೆಗೆದ.

"ಹಿರಿಯನೇ ಸತ್ತಿರಬೇಕು ಬುದ್ಧಿ. ಯಂತ್ರ ಡ್ರೈವಿಗೆ ಹೆಸರಿಡೋದು ಬಂದ ಸರದಿ ನೋಡಿ. ಅಮ್ಮಾವ್ರದನ್ನ ಮೊದ್ಲು ಚುಚ್ಚಿ, ನಕಲು ಮಾಡೋಕೆ ಹೊಸದನ್ನ ಆಮೇಲೆ ಚುಚ್ಚವ್ನೆ ನಮ್ಮಣ್ಣ. ಯಾರೋ ಎರಡನ್ನೂ ಕಿತ್ತು, ಹಿಂದುಮುಂದು ಮಾಡಿ ಚುಚ್ಚವ್ರೆ. ಆಗ ಅಣ್ಣಂಗೆ ಗೊತ್ತಾಗಿಲ್ಲ. ಹೊಸದು ಅಂದ್ಕೊಂಡು ಅಮ್ಮಾವ್ರದನ್ನೇ ಫಾರ್ಮ್ಯಾಟ್ ಮಾಡವ್ನೆ. ಮತ್ತೊಂದು ಸಲ ಹೆಸರು ನೋಡ್ಬೇಕಿತ್ತು, ನೋಡಿಲ್ಲ. ಅದು ಅವನ ತಪ್ಪೇ. ಕಿತ್ತವರು ಯಾರೋ ನಂಗೆ ಗೊತ್ತಿಲ್ಲ."

ರಾಜ ಕಟುಕನ ಕಡೆ ನೋಡಿದ.

"ಕಿತ್ತವರು ನೀವೇ, ಅಪ್ಪಾಜಿ," ಎಂದಳು ನಾಗಲೆ. "ಬೀರಣ್ಣ ಕೈ ತೊಳೆಯಲು ಹೋಗಿದ್ದ. ಅಮ್ಮನದು ಯಾವುದೆಂದು ತಿಳಿಯದೆ ಎರಡನ್ನೂ ಕಿತ್ತು ಕಣ್ಣಿಗೊತ್ತಿಕೊಂಡಿರಿ. ಆಮೇಲೆ ನೀವೇ ಚುಚ್ಚಿದಿರಿ. ಅದರಿಂದ ಇಷ್ಟಾಯಿತೆಂದು ನನಗೆ ಈಗ ತಿಳಿಯಿತು."

ರಾಜ ಕಿರೀಟ ತೆಗೆದು ತೊಡೆಯ ಮೇಲಿಟ್ಟುಕೊಂಡ. ಹೆಂಡತಿಯ ನೆನಪಿಗೆ ತಾನೇ ಮಾಡಿದ ಕೆಲಸಕ್ಕೆ ಗೋಡೆ ತುಂಬ ತಲೆ ನೇತುಹಾಕಿದ್ದ. "ದನಿಯನ್ನು ಹೊರಗೆ ತೆಗೆ," ಎಂದ ದೂಮನಿಗೆ.

"ನಂಗೆ ಬರೋದು ಮಾತು ಮಾತ್ರ, ಬುದ್ಧಿ. ಕೆಲಸ ಬರೋದು ಅಣ್ಣಂಗೆ."

ಬೀರಣ್ಣನನ್ನು ಕರೆತಂದರು. ದೂಮ ಓಡಿಹೋಗಿ ತಬ್ಬಿಕೊಂಡು, "ಅಣ್ಣೋ, ಮಾತಾಡು," ಎಂದ. ಬೀರಣ್ಣ ಬಾಯಿ ತೆರೆದ. ಒಳಗೆ ನಾಲಿಗೆ ಇರಲಿಲ್ಲ.

ಸೆರೆಮನೆಯ ಕಾವಲಿನವನು ತಲೆ ತಗ್ಗಿಸಿ ಹೇಳಿದ: "ಹಗಲಿಡೀ ಅದೇ ಮೂರು ಮಾತು ಹೇಳ್ತಿದ್ದ. ಕೇಳಬಾರದು ಅಂತ ಕಾನೂನಲ್ವಾ ಪ್ರಭು, ನಾವೇ ಕತ್ತರಿಸಿದ್ವಿ."

ಬೀರಣ್ಣ ತಮ್ಮನ ಬೆನ್ನು ಸವರಿ ಯಂತ್ರದ ಮುಂದೆ ಕೂತ. ಡ್ರೈವನ್ನು ಚುಚ್ಚಿದ, ಅದರ ಹೆಸರನ್ನು ಓದಿದ, ಮತ್ತೊಮ್ಮೆ ಓದಿದ. ಅದರ ಮೇಲೆ ಏನೂ ಬರೆಯದಂತೆ ತಡೆದು, ಒಳಗೆ ಉಳಿದದ್ದನ್ನು ಹುಡುಕಿ ಬೇರೆ ಡ್ರೈವಿಗೆ ತೆಗೆದ. ಆಮೇಲೆ ಖಾಲಿ ಫೋಲ್ಡರ್ ಒಂದನ್ನು ಮಾಡಿ ಅದನ್ನು ಅಲ್ಲಿ ತೆರೆದ. ಸತ್ತ ರಾಣಿ ಸಭೆಯ ನಡುವೆ ಮಗಳಿಗೆ ಜೋಗುಳ ಹಾಡಿದಳು. ನಾಗಲೆ ಕೂತಲ್ಲೇ ಬಿಕ್ಕಿದಳು.

ಹಾಡು ಮುಗಿದ ಮೇಲೆ ರಾಜ ದೂಮನಿಗೆ, "ಅರ್ಧ ರಾಜ್ಯ ನಿನ್ನದು, ಮಗಳೂ ನಿನ್ನವಳು. ಇನ್ನೇನು ಬೇಕೋ ಕೇಳು," ಎಂದ.

"ಕೇಳೋದೆಲ್ಲ ಅಣ್ಣ ಕೇಳ್ಬೇಕಿತ್ತು, ಬುದ್ಧಿ," ಎಂದ ದೂಮ.

ಮದುವೆಯಾಯಿತು, ರಾಜ್ಯ ಪಾಲಾಯಿತು. ದೂಮನ ಅರ್ಧದಲ್ಲಿ ಆರೋಪ ಹೊತ್ತವನೇ ಮೊದಲು ಮಾತಾಡಬೇಕು, ಎಷ್ಟು ಸಲ ಬೇಕಾದರೂ ಮಾತಾಡಬಹುದು ಎಂದು ಕಾನೂನಾಯಿತು. ಇನ್ನರ್ಧದಲ್ಲಿ ಹಳೆಯದೇ ನಡೆಯಿತು. ಬೀರಣ್ಣ ಎರಡೂ ಕಡೆ ಸುಮ್ಮನೆ ಬಾಳಿದ.