ಹೊಳೆಯಲ್ಲಿ ತೊಳೆದ ಬೇರು

ಗುರು ಮರುಳಯ್ಯನವರ ಆಶ್ರಮ ಹೊಳೆಯ ದಂಡೆಯಲ್ಲಿತ್ತು. ಅದರ ಬಾಗಿಲಲ್ಲಿ ಒಂದು ಶ್ರೀತಾಳೆ ಮರ. ಶ್ರೀತಾಳೆ ತನ್ನ ಆಯುಷ್ಯದಲ್ಲಿ ಒಂದೇ ಸಲ ಹೂ ಬಿಟ್ಟು, ಕಾಯಿ ಉದುರಿಸಿ, ನಿಂತಲ್ಲೇ ಸಾಯುತ್ತದೆ. ಈ ಮರವೂ ಹಾಗೆಯೇ ಸತ್ತಿತು.

ಉದುರಿದ ಬೀಜಗಳಲ್ಲಿ ಮೊಳೆತದ್ದು ಒಂಬತ್ತು. ಶಿಷ್ಯ ಕೆಂಪಣ್ಣ ಅವನ್ನು ಮಣ್ಣಿನ ಕುಂಡಗಳಲ್ಲಿಟ್ಟು, ಚಪ್ಪರದ ನೆರಳಲ್ಲಿ ಮೂರು ವರ್ಷ ಸಾಕಿದ. ಪಾಠ ಅವನ ತಲೆಗೆ ಹತ್ತುತ್ತಿರಲಿಲ್ಲ. ಧ್ಯಾನಕ್ಕೆ ಕೂತರೆ ಕಣ್ಣು ತುಂಬುತ್ತಿತ್ತು. ಕೈಗೆ ಒಗ್ಗಿದ ಕೆಲಸ ಅದೊಂದೇ.

ಅವನು ಆರು ವರ್ಷದ ಮಗಳನ್ನು ಜ್ವರದಲ್ಲಿ ಕಳೆದುಕೊಂಡು ಅಲ್ಲಿಗೆ ಬಂದವನು.

ಆಶ್ರಮ ಸೇರುವವರಿಗೆ ಒಂದು ಪದ್ಧತಿಯಿತ್ತು. ಸೊಂಟಮಟ್ಟ ನೀರಿನಲ್ಲಿ ನಿಂತು, ಬಿಟ್ಟುಬಂದದ್ದರ ಹೆಸರನ್ನು ಹೊಳೆಗೆ ಮೂರು ಸಲ ಹೇಳಬೇಕು. ಊರಿನ ಧೂಳು ಒಂದು ಕಣವೂ ಉಳಿಯದಂತೆ ಗುರುಗಳೇ ಮೈ ತಿಕ್ಕಿ ತೊಳೆಯುತ್ತಿದ್ದರು. ಆಮೇಲೆ ಆ ಹೆಸರು ನಾಲಿಗೆಯ ಮೇಲೆ ಬರಕೂಡದು. ನೆನಪಾದರೆ ಹೊಳೆಗಿಳಿದು ಒಂದು ಮುಳುಗು ಹಾಕಬೇಕು.

ಏಳು ವರ್ಷದಿಂದ ಕೆಂಪಣ್ಣ ಮುಳುಗು ಹಾಕುತ್ತಲೇ ಇದ್ದ. ಹೊಳೆಯ ಮೀನುಗಳಿಗೂ ಅವನ ಗುರುತು ಹತ್ತಿರಬೇಕು.

ಆ ವರ್ಷ ಮುಂಗಾರಿಗೆ ಮುಂಚೆ ಗುರುಗಳು ದೂರದ ಊರಿಗೆ ಹೊರಟರು.

"ಕೆಂಪಣ್ಣ, ಸಸಿಗಳಿಗೆ ಕುಂಡ ಸಾಲದಾಗಿದೆ. ಒಂದೆರಡು ಮಳೆ ಬೀಳಲಿ, ತೋಟಕ್ಕೆ ಇಳಿಸಪ್ಪ."

"ಆಗಲಿ ಬುದ್ಧೀ."

ಹೇಗೆ ಎಂದು ಅವನು ಕೇಳಲಿಲ್ಲ. ಮೂರು ವರ್ಷ ಸಾಕಿದವನು ಅದನ್ನೂ ಕೇಳುವುದೇ ಎಂದು ನಾಚಿಕೆಯಾಯಿತು.

ಮಳೆ ಬಿತ್ತು. ಕೆಂಪಣ್ಣ ಒಂಬತ್ತು ಗುಂಡಿ ತೋಡಿ, ಕುಂಡಗಳ ಮುಂದೆ ಕೂತು ಯೋಚಿಸಿದ. ಹೊಸ ನೆಲಕ್ಕೆ ಹೋಗುವವರು ಹಳೆಯದನ್ನು ಹೊತ್ತುಕೊಂಡು ಹೋಗಬಾರದು. ತಾನು ಇಲ್ಲಿ ಕಲಿತದ್ದು ಅದನ್ನೇ ಅಲ್ಲವೇ?

ಒಂದೊಂದೇ ಸಸಿಯನ್ನು ಕಿತ್ತು ಹೊಳೆಗೆ ಒಯ್ದ. ಕುಂಡದ ಮಣ್ಣನ್ನೆಲ್ಲ ಕೊಡವಿದ. ಬೇರು ಬೆಳ್ಳಗಾಗುವ ತನಕ ಬೆರಳಿಂದ ಉಜ್ಜಿ ಉಜ್ಜಿ ತೊಳೆದ. ಎಂಟನ್ನು ನೆಡುವಷ್ಟರಲ್ಲಿ ಹೊತ್ತು ಮುಳುಗಿತು. ಇವು ಚಿಗುರಿದ ಮೇಲೆ ನೆಟ್ಟರಾಯಿತೆಂದು ಒಂಬತ್ತನೆಯದನ್ನು ಕುಂಡದಲ್ಲೇ ಉಳಿಸಿದ.

ಐದನೆಯ ದಿನಕ್ಕೆ ಎಲೆಗಳ ಅಂಚು ಕಂದಿತು. ಅವನು ನೀರು ಹೆಚ್ಚಿಸಿದ. ಇನ್ನೂ ಕಂದಿತು. ಗೊಬ್ಬರ ಹಾಕಿದ, ಪಕ್ಕದಲ್ಲೇ ಮಲಗಿದ, ಕೊನೆಗೆ ಒಂದೊಂದು ಗಿಡಕ್ಕೂ ಕೈಮುಗಿದ. ಮೂರನೆಯ ವಾರ ಒಂದು ಗಿಡದ ಸುಳಿಯನ್ನು ಮೆಲ್ಲಗೆ ಮುಟ್ಟಿದರೆ, ಹಾಲುಹಲ್ಲು ಬಂದಂತೆ ಕೈಗೇ ಬಂದುಬಿಟ್ಟಿತು.

ಆ ದಿನ ಅವನು ಎಷ್ಟು ಮುಳುಗು ಹಾಕಿದನೋ ಅವನಿಗೇ ತಿಳಿಯದು.

ಗುರುಗಳು ಮರಳಿ ಬಂದಾಗ ಎಂಟೂ ಸತ್ತಿದ್ದವು. ಕೆಂಪಣ್ಣ ಕಂಬಳಿ ಸುತ್ತಿ ಕಂಕುಳಲ್ಲಿಟ್ಟುಕೊಂಡು ಬಾಗಿಲಲ್ಲಿ ನಿಂತಿದ್ದ.

"ಎಲ್ಲಿಗೆ ಹೊರಟೆ?"

"ಗೊತ್ತಿಲ್ಲ ಬುದ್ಧೀ. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಅಂತಾರಲ್ಲ, ಹಂಗಾಯ್ತು. ಮೂರು ವರ್ಷದ್ದನ್ನ ಒಂದೇ ದಿನದಲ್ಲಿ ಕೊಂದೆ. ನನ್ನ ಕೈಲಿ ಯಾವುದೂ ಉಳಿಯಕ್ಕಿಲ್ಲ."

ಗುರುಗಳು ತೋಟಕ್ಕೆ ನಡೆದರು. ಸತ್ತ ಸಸಿಯೊಂದನ್ನು ಎಳೆದರು. ಅದು ಸಲೀಸಾಗಿ ಬಂತು. ಬೇರನ್ನು ತಿರುಗಿಸಿ ತಿರುಗಿಸಿ ನೋಡಿದರು.

"ಇದರ ಮಣ್ಣೆಲ್ಲಿ?"

"ತೊಳೆದುಬಿಟ್ಟೆ ಬುದ್ಧೀ."

"ತೊಳೆದೆಯಾ! ಯಾಕಪ್ಪ?"

"ನೀವು ನನ್ನ ತೊಳೆದ್ರಲ್ಲ, ಅದಕ್ಕೆ."

ಗುರುಗಳು ಸಸಿಯನ್ನು ಮಡಿಲಲ್ಲಿಟ್ಟುಕೊಂಡು ಕೆಸರಿನಲ್ಲೇ ಕೂತುಬಿಟ್ಟರು. ಬೈದಿದ್ದರೆ ಕೆಂಪಣ್ಣನಿಗೆ ಹಗುರವಾಗುತ್ತಿತ್ತು.

ಆ ಬರಿಬೇರನ್ನು ಸವರುತ್ತಾ ಕೇಳಿದರು, "ಏಳು ವರ್ಷ ಮುಳುಗು ಹಾಕಿದೆಯಲ್ಲ. ಕಡಿಮೆಯಾಯಿತೇ?"

"ಇಲ್ಲ ಬುದ್ಧೀ."

"ಒಂದು ದಿನವೂ ನನಗೆ ಹೇಳಲಿಲ್ಲ."

"ಹೇಳಬಾರದು ಅಂದಿದ್ರಲ್ಲ."

ಗುರುಗಳು ಎದ್ದು, ಚಪ್ಪರದಡಿ ಉಳಿದಿದ್ದ ಒಂಬತ್ತನೆಯ ಕುಂಡವನ್ನು ತಂದರು. ಕಲ್ಲಿನಿಂದ ಅದರ ಮಗ್ಗುಲಿಗೆ ಮೆಲ್ಲಗೆ ಬಡಿದರು. ಕುಂಡ ಬಿರಿದು ಚೂರುಗಳು ಕಳಚಿದವು. ಒಳಗಿನ ಮಣ್ಣು ಮಾತ್ರ ಉದುರದೆ ಕುಂಡದ ಆಕಾರದಲ್ಲೇ ನಿಂತಿತು. ಬೇರುಗಳು ಅದನ್ನು ಸುತ್ತಲೂ ತಬ್ಬಿ ಹಿಡಿದಿದ್ದವು.

ಕೆಂಪಣ್ಣ ಅದನ್ನು ನೋಡುತ್ತಾ ನಿಂತ. ಎಂಟು ಸಲ ಅವನು ಇದನ್ನೇ ಬಿಡಿಸಿದ್ದ.

"ಈ ಹಳೇ ಮಣ್ಣು, ಬುದ್ಧೀ?"

"ಜೊತೆಗೇ ಇಳಿಯಲಿ. ಅದನ್ನು ಬಿಡುವುದು ಯಾವಾಗ ಎಂದು ಬೇರಿಗೆ ಗೊತ್ತು. ನನಗೆ ಗೊತ್ತಿರಲಿಲ್ಲ."

ಗುರುಗಳು ಎರಡೂ ಕೈಯಲ್ಲಿ ಆ ಮಣ್ಣಿನ ಹೆಂಟೆಯನ್ನು ಎತ್ತಿ, ಖಾಲಿ ಉಳಿದಿದ್ದ ಗುಂಡಿಗಿಳಿಸಿದರು. ಕೆಂಪಣ್ಣ ಸುತ್ತ ಮಣ್ಣು ತುಂಬಿದ. ಗುರುಗಳು ತಾವು ಹೊದ್ದ ವಸ್ತ್ರವನ್ನು ತೆಗೆದು, ನಾಲ್ಕು ಕೋಲು ನೆಟ್ಟು, ಸಸಿಗೆ ನೆರಳು ಕಟ್ಟಿದರು.

"ಇದಾದ್ರೂ ಬದುಕ್ತದಾ ಬುದ್ಧೀ?"

"ಗೊತ್ತಿಲ್ಲ ಕೆಂಪಣ್ಣ."

ಗುರುಗಳ ಬಾಯಲ್ಲಿ ಆ ಮಾತನ್ನು ಅವನು ಆ ದಿನದವರೆಗೆ ಕೇಳಿರಲಿಲ್ಲ. ಸುತ್ತ ಒಣಗಿದ ಗಿಡಗಳಿದ್ದವು. ನಡುವೆ ಈ ಒಂದು, ಗೇಣುದ್ದದ ಎರಡು ಎಲೆ.

ಕೆಂಪಣ್ಣನಿಗೆ ಮಗಳು ನೆನಪಾದಳು. ರೂಢಿಯಂತೆ ಎದ್ದು ಹೊಳೆಯ ಕಡೆ ಹೆಜ್ಜೆ ಹಾಕಿದ.

ಗುರುಗಳು ಕೆಸರು ಮೆತ್ತಿದ ಕೈಯಿಂದ ಅವನ ಮುಂಗೈ ಹಿಡಿದರು.

"ಕೂತುಕೋ. ಅಂದು ಹೊಳೆಗೆ ಹೇಳಿದೆಯಲ್ಲ, ಆ ಹೆಸರನ್ನು ನನಗೆ ಹೇಳು."