ವೈಣಿಕನ ಹೆಂಡತಿಯ ಗಡೀಪಾರು

ಒಂದು ಬೆಳಿಗ್ಗೆ ಬಿಳಿಗಲ್ಲು ಸಂಸ್ಥಾನದ ಅರಮನೆ ಮುಂದೆ ಊರಿಗೆ ಊರೇ ಬಂದು ನಿಂತಿತು. ಎಲ್ಲರಿಗಿಂತ ಮುಂದೆ ಪಟೇಲ ಚಿಕ್ಕವೀರಪ್ಪ.

“ಮಹಾಸ್ವಾಮಿ, ಆ ತಾರಿಣಿಯನ್ನು ಊರು ಬಿಡಿಸಿ. ಅವಳೊಬ್ಬಳು ತೊಲಗಿದರೆ ಇಲ್ಲಿ ಹಾಲು ಒಡೆಯಲ್ಲ, ಮಾಡು ಸೋರಲ್ಲ, ಗಂಡ ಹೆಂಡಿರು ಜಗಳವಾಡಲ್ಲ. ನಾನು ಹೇಳ್ತೀನಿ, ಬರೆದಿಟ್ಟುಕೊಳ್ಳಿ.”

ತಾರಿಣಿ ಎಂದರೆ ಆಸ್ಥಾನದ ವೈಣಿಕ ನೀಲಕಂಠಯ್ಯನ ಹೆಂಡತಿ. ಕಡಲತೀರದ ಕಡೆಯವಳು, ಚಿತ್ರ ಬರೆಯುವವಳು. ಚಿತ್ರವೆಂದರೆ ಗಿಳಿ, ಕಮಲ, ಕೃಷ್ಣ ಯಾವುದೂ ಅಲ್ಲ. ಒಂದು ಸಲ ಬಿಳಿಯ ಬಟ್ಟೆಗೆ ಮಸಿ ಬಳಿದು ಬಾಗಿಲಿಗೆ ತೂಗುಹಾಕಿ “ಇದು ಈ ಊರಿನ ಮಧ್ಯಾಹ್ನದ ನಿದ್ದೆ” ಎಂದಿದ್ದಳು. ಊರು ಅದನ್ನು ಮರೆತಿರಲಿಲ್ಲ.

ಅದೂ ಹೋಗಲಿ ಎನ್ನಬಹುದಿತ್ತು. ನೀಲಕಂಠಯ್ಯ, ಗಾಯಕ ವಾಮನಭಟ್ಟ, ಮತ್ತೆ ಕೊಳಲಿನವನು, ಮೃದಂಗದವನು, ಈ ನಾಲ್ವರ ಮೇಳ ಸುತ್ತಲ ಸೀಮೆಗೆಲ್ಲ ಹೆಸರುವಾಸಿ. ತಾರಿಣಿ ಬಂದ ವರ್ಷವೇ ಮೇಳ ಒಡೆಯಿತು.

“ಒಡೆದವಳು ಅವಳೇ” ಎಂದ ವಾಮನಭಟ್ಟ.

ನೀಲಕಂಠಯ್ಯ ಮುಂದೆ ಬಂದ. “ಪ್ರಭು, ಅವಳು ಬರುವ ಮೊದಲೇ ನಾವು ನಾಲ್ವರೂ ಮಾತು ಬಿಟ್ಟಿದ್ದೆವು. ನಡುವೆ ಯಾರು ಕೂರಬೇಕು ಅನ್ನೋದೇ ಜಗಳ. ವೇದಿಕೆಯ ಮೇಲೆ ಮಾತಾಡುವ ಹಾಗಿಲ್ಲವಲ್ಲ, ಅದಕ್ಕೇ ಯಾರಿಗೂ ಗೊತ್ತಾಗಲಿಲ್ಲ.”

“ನೋಡಿ, ಗಂಡನ ಬಾಯಲ್ಲಿ ಹೇಗೆ ಮಾತಾಡಿಸ್ತಾಳೆ!” ಎಂದರು ಜನ.

ದೊರೆ ಹನುಮಪ್ಪ ನಾಯಕ ಕೆಟ್ಟವನಲ್ಲ. ಆದರೆ ಗದ್ದಲ ಕೇಳಿದರೆ ಅವನಿಗೆ ತಲೆನೋವು ಬರುತ್ತಿತ್ತು. “ಆಗಲಿ, ಆಕೆಯನ್ನು ಕೋಟೆ ಬಾಗಿಲಿಂದ ಆಚೆ ಕಳಿಸಿ” ಎಂದ.

ಮಂತ್ರಿಗಳ ಸಾಲಿನ ಕೊನೆಯಲ್ಲಿ ಕೂರುವ ಮುರಿಗೆಪ್ಪ ಎದ್ದು ಕೈಮುಗಿದ. ಆಸ್ಥಾನದಲ್ಲಿ ಅವನ ಕೆಲಸವೇನೆಂದು ಯಾರಿಗೂ ಸರಿಯಾಗಿ ತಿಳಿಯದು. ಕೆಲಸ ಕೆಟ್ಟಾಗ ಮಾತ್ರ ಎಲ್ಲರೂ ಅವನನ್ನು ಹುಡುಕುತ್ತಿದ್ದರು.

“ಪ್ರಭು, ಕಳಿಸುವ ಹೊಣೆ ನನಗಿರಲಿ.”

ಅಂದೇ ತಾರಿಣಿಯನ್ನು ಕಮಾನು ಗಾಡಿಯಲ್ಲಿ ಕೂರಿಸಿ, ಎಲ್ಲರೂ ನೋಡುವಂತೆ ಕೋಟೆ ಬಾಗಿಲು ದಾಟಿಸಿದ. ಜನ ಸಿಡಿಮದ್ದು ಹಾರಿಸಿದರು. ಗಾಡಿಯೊಳಗೆ ತಾರಿಣಿ ಅಳುತ್ತಿದ್ದಳು.

“ಅಳಬೇಡಿ ತಾಯಿ” ಎಂದ ಮುರಿಗೆಪ್ಪ. “ಈ ಬಾಗಿಲಿಂದ ಆಚೆ ಕಳಿಸಿ ಅಂದರು. ಹಿಂದಿನ ದಿಡ್ಡಿ ಬಾಗಿಲಿಂದ ಒಳಗೆ ಕರೆತರಬೇಡ ಅಂತ ಯಾರೂ ಅನ್ನಲಿಲ್ಲ.”

ಗಾಡಿ ಕೋಟೆಯನ್ನು ಸುತ್ತುಹಾಕಿ ಮುರಿಗೆಪ್ಪನ ಹಿತ್ತಲಿಗೆ ಬಂದು ನಿಂತಿತು. ಅವನ ಹೆಂಡತಿ ಗೌರವ್ವ ಊಟಕ್ಕೆ ಎಲೆ ಹಾಕಿಟ್ಟಿದ್ದಳು.

ಆಮೇಲೆ ಊರಿನಲ್ಲಿ ಮಾಮೂಲಿನಂತೆ ಹಾಲು ಒಡೆಯಿತು, ಮಾಡು ಸೋರಿತು. ಮೇಳದ ಉಳಿದ ಮೂವರೂ ಸೇರಿ ಕಚೇರಿ ಮಾಡಲು ಕೂತರು. ನಡುವೆ ಕೂರುವ ವಿಷಯಕ್ಕೆ ಕೈಕೈ ಮಿಲಾಯಿಸಿದರು, ಮೃದಂಗ ಹರಿಯಿತು. ನೀಲಕಂಠಯ್ಯ ವೀಣೆ ಮುಟ್ಟಲೇ ಇಲ್ಲ.

ಒಂದು ಸಂಜೆ ಮುರಿಗೆಪ್ಪ ಅರಮನೆಗೆ ಬಂದ. “ಪ್ರಭು, ಜನ ಎಷ್ಟು ಸುಖವಾಗಿದ್ದಾರೆ, ತಾವೇ ನೋಡಬೇಕು. ಮುಸುಕು ಹಾಕಿಕೊಂಡು ಬನ್ನಿ.”

ಇಬ್ಬರೂ ಕಂಬಳಿ ಹೊದ್ದು ಪೇಟೆಗೆ ಹೋದರು. ಹಾಲಿನ ನಿಂಗವ್ವ ಪಾತ್ರೆ ಬೋರಲು ಹಾಕುತ್ತಿದ್ದಳು.

“ಯಾಕವ್ವ, ಹಾಲು ಒಡೀತಾ?” ಎಂದು ಕೇಳಿದ ಮುರಿಗೆಪ್ಪ.

“ಒಡೀದೆ ಇನ್ನೇನು? ಹೆಣ್ಣಿನ ಕೈಲಿ ಕಣ್ಣೀರು ಹಾಕಿಸಿದ ದೊರೆ ಇವನು. ಇವನ ರಾಜ್ಯದಲ್ಲಿ ಹಾಲು ಉಳಿಯುತ್ತಾ?”

ದೊರೆ ಕಂಬಳಿಯನ್ನು ಇನ್ನಷ್ಟು ಎಳೆದುಕೊಂಡ.

ಮುಂದಿನ ಜಗಲಿಯಲ್ಲಿ ವಾಮನಭಟ್ಟ ಕೆನ್ನೆಗೆ ಅರಿಸಿನ ಹಚ್ಚಿಕೊಂಡು ಕೂತಿದ್ದ. “ನಮ್ಮ ಮೇಳ ಹಾಳು ಮಾಡಿದವನೇ ದೊರೆ. ಒಬ್ಬನಿಗೆ ದೊಡ್ಡ ಶಾಲು, ಒಬ್ಬನಿಗೆ ಚಿಕ್ಕ ಶಾಲು ಕೊಟ್ಟರೆ ಇನ್ನೇನಾಗುತ್ತೆ?”

ಪಟೇಲನ ಮನೆಯೊಳಗಿಂದಲೂ ಕೂಗು ಕೇಳಿಸಿತು. “ಸಾರಿಗೆ ಉಪ್ಪು ಹೆಚ್ಚಾಗಿದೆ ಕಣೇ!” “ನನ್ನ ಮೇಲೆ ಯಾಕೆ ರೇಗ್ತೀರಿ? ದೊರೆಯ ಗ್ರಹಚಾರ ನೆಟ್ಟಗಿಲ್ಲ!” “ಅದೂ ನಿಜ ಅನ್ನು.”

ದೊರೆ ಬೀದಿಯ ನಡುವೆಯೇ ನಿಂತುಬಿಟ್ಟ. “ಮುರಿಗೆಪ್ಪ, ಮೊನ್ನೆ ಮೊನ್ನೆಯವರೆಗೂ ಇವರೆಲ್ಲ ನನ್ನನ್ನು ದೇವರು ಅನ್ನುತ್ತಿದ್ದರಲ್ಲೋ!”

“ಮೊನ್ನೆ ಮೊನ್ನೆಯವರೆಗೂ ತಾರಿಣಮ್ಮ ಊರಲ್ಲಿದ್ದರಲ್ಲ, ಪ್ರಭು.”

ದೊರೆ ಅರಮನೆಯ ಕಡೆ ತಿರುಗಿದ. “ಕುದುರೆ ಕಳಿಸು. ಎಷ್ಟೇ ದೂರ ಹೋಗಿರಲಿ, ಕರೆಸು.”

“ಕುದುರೆ ಯಾಕೆ? ಚಪ್ಪಲಿ ಸಾಕು. ನಮ್ಮ ಹಿತ್ತಲಲ್ಲಿದ್ದಾರೆ.”

ಹಿತ್ತಲಲ್ಲಿ ತಾರಿಣಿ ಚಪ್ಪರದ ಕೆಳಗೆ ಬಟ್ಟೆ ಹರಡಿಕೊಂಡು ಬಣ್ಣ ಬಳಿಯುತ್ತಿದ್ದಳು. ದಿನವೂ ಗುಟ್ಟಾಗಿ ಬಂದುಹೋಗುತ್ತಿದ್ದ ನೀಲಕಂಠಯ್ಯ ಪಕ್ಕದಲ್ಲಿ ಕೂತು ಅವಳಿಗೆ ಬಣ್ಣ ಅರೆದುಕೊಡುತ್ತಿದ್ದ. ದೊರೆಯನ್ನು ಕಂಡು ಇಬ್ಬರೂ ಎದ್ದರು.

“ತಾಯಿ, ತಪ್ಪಾಯಿತು. ನಿಮ್ಮ ಮನೆಗೆ ವಾಪಸು ಬನ್ನಿ” ಎಂದ ದೊರೆ.

“ಯಾಕೆ ಬರಲಿ, ಪ್ರಭು?” ಎಂದಳು ತಾರಿಣಿ. ದನಿ ಏರಿಸಲಿಲ್ಲ. “ನೀರಿಗೆ ಹೋದರೆ ಬೈಗುಳ, ದೇವಸ್ಥಾನಕ್ಕೆ ಹೋದರೆ ಬೈಗುಳ. ನನ್ನ ಚಿತ್ರವನ್ನು ಬೈಯಲಿ, ಬೇಜಾರಿಲ್ಲ. ಅದನ್ನಾದರೂ ಅವರು ನೋಡಿದ್ದಾರೆ. ಯಾರದೋ ಮನೆ ಹಾಲು ಒಡೆದರೂ ನಾನೇ ಕಾರಣ ಅಂದರೆ? ಇಲ್ಲಿ ಬಂದ ಮೇಲೆಯೇ ನಾನು ಕಣ್ತುಂಬ ನಿದ್ದೆ ಮಾಡಿದ್ದು.”

ದೊರೆ ಮುರಿಗೆಪ್ಪನ ಮುಖ ನೋಡಿದ.

“ಪ್ರಭು, ಇವರದು ಬಹಳ ಕಷ್ಟದ ಉದ್ಯೋಗ. ಊರಿನ ಬೈಗುಳವನ್ನೆಲ್ಲ ಒಬ್ಬರೇ ಹೊರಬೇಕು. ಅರಮನೆಯ ಆನೆಗೂ ವಾರಕ್ಕೊಂದು ದಿನ ಬಿಡುವುಂಟು, ಇವರಿಗಿಲ್ಲ. ಸೋಮವಾರ ರಜ ಕೊಟ್ಟುಬಿಡಿ.”

“ಕೊಟ್ಟೆ! ಡಂಗುರ ಹೊಡೆಸುತ್ತೇನೆ. ಸೋಮವಾರ ತಾರಿಣಮ್ಮನನ್ನು ಯಾರೂ ಬೈಯಕೂಡದು” ಎಂದ ದೊರೆ. ಆಮೇಲೆ ಏನೋ ಹೊಳೆದು ತಡೆದ. “ಆದರೆ ಮುರಿಗೆಪ್ಪ, ಸೋಮವಾರವೂ ಹಾಲು ಒಡೆಯುತ್ತಲ್ಲ. ಆವತ್ತು ಬೈಸಿಕೊಳ್ಳುವ ಕೆಲಸ ಯಾರು ಮಾಡುತ್ತಾರೆ?”

“ಹೊಸಬರನ್ನು ಯಾಕೆ ಹುಡುಕೋದು, ಪ್ರಭು? ತಮಗೆ ಈಗ ಅನುಭವ ಇದೆ.”

ತಾರಿಣಿ ಸೆರಗು ಬಾಯಿಗೆ ಒತ್ತಿಕೊಂಡಳು. ದೊರೆ ಮೊದಲು ಕೆಂಪಾದ, ಆಮೇಲೆ ಹಿತ್ತಲ ಕಾಗೆಗಳೆಲ್ಲ ಹಾರಿಹೋಗುವಂತೆ ನಕ್ಕ. ತನ್ನ ಕೊರಳ ಹಾರ ತೆಗೆದು ಮುರಿಗೆಪ್ಪನ ಕೊರಳಿಗೆ ಹಾಕಿದ.

“ಒಂದೇ ಬಿನ್ನಹ” ಎಂದ ದೊರೆ, ಕಣ್ಣೊರೆಸಿಕೊಳ್ಳುತ್ತ. “ಸೋಮವಾರ ಬೇಡ, ಮಂಗಳವಾರ ಮಾಡು. ಸೋಮವಾರ ನನಗೆ ಉಪವಾಸ. ಹಸಿದ ಹೊಟ್ಟೆಯಲ್ಲಿ ಅಷ್ಟೆಲ್ಲ ಬೈಸಿಕೊಳ್ಳಲಾರೆ.”